ಬರೆದದ್ದೊಂದು, ತಲುಪಿದ್ದೊಂದು

ನನ್ನ ಹಿರಿಯ ಮಿತ್ರರೊಬ್ಬರು ನಿವೃತ್ತ ಅಧ್ಯಾಪಕರು. ತಮ್ಮ ಗುರುಗಳು ತೀರಿಕೊಂಡಾಗ ರಾತ್ರಿಯೆಲ್ಲ ಕುಳಿತು ಅವರನ್ನು ಕುರಿತ ಲೇಖನವೊಂದನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿದರು. ಅದನ್ನು ನಕಲಿಸಿ, ಮಿಂಚಂಚೆಯಲ್ಲಿ ಅಂಟಿಸಿ, ಪತ್ರಿಕೆಯೊಂದಕ್ಕೆ ಕಳಿಸಿದರು. ಅವರ ತೆರೆಯ ಮೇಲೆ ಒಂದೊಂದು ಅಕ್ಷರವೂ ಮುತ್ತಿನಂತಿತ್ತು. ಸಂಪಾದಕರ ಕೈಸೇರಿದ್ದು ಮಾತ್ರ ರೋಮನ್ ಅಕ್ಷರಗಳೂ ಪೌಂಡಿನ ಚಿಹ್ನೆಗಳೂ ಕಲಸಿಹೋದ ಒಂದು ಕಗ್ಗ. ಸಂಗತಿ ತಿಳಿಯುವ ವೇಳೆಗೆ ಸಂಚಿಕೆ ಅಚ್ಚಾಗಿ ಹೋಗಿತ್ತು. “ನಾನು ಕನ್ನಡದಲ್ಲೇ ಬರೆದೆನಲ್ಲಯ್ಯಾ!” ಎಂದು ಅವರು ನೊಂದುಕೊಂಡರು. ಅವರ ಮಾತು ನಿಜವೇ. ಹಾಗಾದರೆ ತಪ್ಪು ನಡೆದದ್ದೆಲ್ಲಿ?

ವರ್ಡ್‌ನಂಥ ತಂತ್ರಾಂಶದಲ್ಲಿ ಬರೆದುದನ್ನು ನಾವು ನಕಲಿಸಿದಾಗ ಬರಿಯ ಅಕ್ಷರಗಳಷ್ಟೇ ಮೇಲೇಳುವುದಿಲ್ಲ. ಅಕ್ಷರದ ಶೈಲಿ, ಗಾತ್ರ, ಬಣ್ಣ, ಸಾಲುಗಳ ನಡುವಣ ಅಂತರ, ಕೋಷ್ಟಕದ ಗೆರೆ ಇವೆಲ್ಲವೂ ಜೊತೆಗೆ ಹೊರಡುತ್ತವೆ. ಗಣಕವು ಒಂದೇ ಬರಹವನ್ನು ಹಲವು ರೂಪಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅಲಂಕಾರವಿಲ್ಲದ ಬರಿಯ ಪಠ್ಯ ಒಂದು, ಅಲಂಕಾರಸಹಿತವಾದುದು ಇನ್ನೊಂದು, ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿರುವುದು ಮತ್ತೊಂದು. ಅಂಟಿಸಿಕೊಳ್ಳುವ ತಂತ್ರಾಂಶ ಇವುಗಳಲ್ಲಿ ತನಗೊಗ್ಗುವುದನ್ನು ಆರಿಸಿಕೊಳ್ಳುತ್ತದೆ.

ಮಿಂಚಂಚೆಗೋ ಈ ಅಲಂಕಾರ ಹುಟ್ಟಿನಿಂದ ಬಂದದ್ದಲ್ಲ. 1982ರಲ್ಲಿ ರೂಪುಗೊಂಡ ಅದರ ನಿಯಮಗಳು ಆಸ್ಕಿ ಎಂಬ, ಕೇವಲ 128 ಸಂಕೇತಗಳ ಪಟ್ಟಿಯನ್ನೇ ನೆಚ್ಚಿದ್ದವು. ಇತರ ಲಿಪಿಗಳಿಗೂ ಚಿತ್ರ, ಲಗತ್ತುಗಳಿಗೂ ಬಾಗಿಲು ತೆರೆದದ್ದು 1992ರಲ್ಲಿ ಬಂದ ಮೈಮ್ ಎಂಬ ಕಟ್ಟಳೆ. ಅಲಂಕಾರವನ್ನು ಎಷ್ಟರಮಟ್ಟಿಗೆ ಮನ್ನಿಸಬೇಕೆಂಬುದರಲ್ಲಿ ಒಂದೊಂದು ಅಂಚೆ ತಂತ್ರಾಂಶದ್ದು ಇಂದಿಗೂ ಒಂದೊಂದು ರೀತಿ. ಆದುದರಿಂದಲೇ ಒಂದೇ ಪತ್ರದಲ್ಲಿ ಎರಡು ಗಾತ್ರದ ಅಕ್ಷರಗಳು ಕಾಣಿಸುತ್ತವೆ. ಬಾಗಿದ ಉದ್ಧರಣ ಚಿಹ್ನೆಗಳು ಕೆಲವೊಮ್ಮೆ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಎಚ್‌ಟಿಎಂಎಲ್ ಸಾಮಾನ್ಯವಾಗಿ ಒತ್ತೊತ್ತಾಗಿ ಬಂದ ಖಾಲಿ ಜಾಗಗಳನ್ನೆಲ್ಲ ಒಂದೆಂದೇ ಎಣಿಸುವುದರಿಂದ, ಕವಿ ಒಳಸರಿಸಿ ಬರೆದ ಸಾಲು ಅಂಚಿಗೆ ಬಂದು ನಿಲ್ಲುವುದೂ ಉಂಟು.

ಇದಕ್ಕೆ ಪರಿಹಾರ ಸುಲಭ. ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್, ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿಯ ಪಠ್ಯ ಮಾತ್ರ ಬಂದು ಕೂಡುತ್ತದೆ. ಬೇಕಾದ ಅಲಂಕಾರವನ್ನು ಅಂಚೆಯಲ್ಲಿಯೇ ಮಿತವಾಗಿ ಮಾಡಿಕೊಳ್ಳಬಹುದು. ವಿನ್ಯಾಸ ಕೆಡಲೇಬಾರದೆಂದಿದ್ದರೆ ಬರಹವನ್ನು ಪಿಡಿಎಫ್ ಮಾಡಿ ಲಗತ್ತಿಸುವುದು ಲೇಸು.

ಆದರೆ ನನ್ನ ಮಿತ್ರರಿಗೆ ಈ ಔಷಧಿಯೇ ವಿಷವಾಗುತ್ತಿತ್ತು! ಅವರು ಬಳಸಿದ್ದು ಹಳೆಯ ಕಾಲದ ಕನ್ನಡ ಅಕ್ಷರಶೈಲಿ. ಗಣಕದಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯದಿದ್ದಾಗ ನಮ್ಮ ತಂತ್ರಜ್ಞರು ಒಂದು ಜಾಣ ಉಪಾಯ ಹೂಡಿದರು. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದರು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂಬ ಪದವನ್ನೇ ನೋಡಿ. ತಲಕಟ್ಟಿಲ್ಲದ ಕಕಾರ ಕುಳಿತಿರುವುದು ದೊಡ್ಡ ‘ಪಿ’ ಅಕ್ಷರದ ಸ್ಥಾನದಲ್ಲಿ, ತಲಕಟ್ಟು ಇರುವುದು ನೆತ್ತಿಯ ಮೇಲೆ ಗೀಟುಳ್ಳ ‘ಎ’ಯಲ್ಲಿ, ನಕಾರ ಪೌಂಡಿನ ಚಿಹ್ನೆಯಲ್ಲಿ, ನಕಾರದ ಒತ್ತು ಜರ್ಮನರ ಒಂದು ಅಕ್ಷರದಲ್ಲಿ. ಆ ಶೈಲಿ ಇರುವವರೆಗೆ ಕಣ್ಣಿಗೆ ಕನ್ನಡ. ಅದು ಕಳಚಿದರೆ, ಅಥವಾ ಓದುವವರ ಗಣಕದಲ್ಲಿ ಇಲ್ಲದಿದ್ದರೆ, ಉಳಿಯುವುದು ಆ ವಿದೇಶೀ ಚಿಹ್ನೆಗಳೇ. ಕಳಿಸಿದವರಿಗೆ ಇದರ ಸುಳಿವೂ ಹತ್ತುವುದಿಲ್ಲ, ಏಕೆಂದರೆ ಅವರ ತೆರೆಯ ಮೇಲೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಈ ತೊಡಕನ್ನು ಬುಡದಲ್ಲೇ ಬಿಡಿಸಿತು. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಕೇರಿಯಿದೆ. ಅಲ್ಲಿ ಕಕಾರಕ್ಕೆ ಕೊಟ್ಟ ಸಂಖ್ಯೆ ಕಕಾರದ್ದು ಮಾತ್ರ. ಶೈಲಿ ಬದಲಾದರೂ ಅಕ್ಷರ ಬದಲಾಗದು. ನುಡಿ, ಬರಹ ಮೊದಲಾದ ತಂತ್ರಾಂಶಗಳು ಮುಂದೆ ಈ ದಾರಿಯನ್ನೇ ಹಿಡಿದವು. ಹಳೆಯ ಬರಹವನ್ನು ಯೂನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳೂ ಇವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಬೇಕು. ತಪ್ಪುಗಳು ನುಸುಳುವುದು ಹೆಚ್ಚಾಗಿ ಅಲ್ಲಿಯೇ.

ಇದು ಒಂದು ಪತ್ರದ ಮಾತಷ್ಟೇ ಅಲ್ಲ. ಎಷ್ಟೋ ಮನೆಗಳ ಗಣಕಗಳಲ್ಲಿ ಹಳೆಯ ಅಕ್ಷರಶೈಲಿಯ ಕಥೆ, ಪ್ರಬಂಧ, ವಂಶಾವಳಿಗಳು ಹಾಗೆಯೇ ಉಳಿದಿವೆ. ಅವುಗಳನ್ನು ಬರೆದವರು ಇರುವಾಗಲೇ ಪರಿವರ್ತಿಸಿಟ್ಟರೆ, ಅನುಮಾನ ಬಂದ ಪದವನ್ನು ಅವರನ್ನೇ ಕೇಳಿ ತಿದ್ದಬಹುದು. ಮಿತ್ರರ ಲೇಖನವನ್ನು ನಾವಿಬ್ಬರೂ ಕುಳಿತು ಹಾಗೆ ತಿದ್ದಿದೆವು. ಪತ್ರಿಕೆಯ ಸಂದರ್ಭ ಮೀರಿತ್ತು. ಅದನ್ನು ಗುರುಗಳ ಮಗಳಿಗೆ ಕಳಿಸಿದೆವು. ಕಳಿಸುವ ಮುನ್ನ ಮಿತ್ರರು ಅದನ್ನೊಮ್ಮೆ ನನ್ನ ವಿಳಾಸಕ್ಕೆ ಕಳಿಸಿ, “ನಿನ್ನಲ್ಲಿ ಹೇಗೆ ಕಾಣುತ್ತದೆ, ಓದಿ ಹೇಳು” ಎಂದರು.