ಉಣ್ಣೆಯೂ ನಾಯಿಯ ನೆತ್ತರೂ

1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿಯು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿಯೂ ತರುವಾಯ ನರಿಯ ರಕ್ತದಲ್ಲಿಯೂ ಕಂಡು ವರ್ಣಿಸಿದ ಸೂಕ್ಷ್ಮ ಪರೋಪಜೀವಿಯೇ ಇಂದು ‘ಬಬೇಸಿಯ ಗಿಬ್ಸೋನಿ’ ಎಂದು ಪಶುವೈದ್ಯರಿಗೆಲ್ಲ ಪರಿಚಿತವಾಗಿದೆ. ಉಣ್ಣೆಯು ನಾಯಿಯ ಚರ್ಮಕ್ಕೆ ಕಚ್ಚಿಕೊಂಡು ರಕ್ತವನ್ನು ಹೀರುತ್ತಿರುವಾಗ, ಅದರ ಲಾಲಾರಸದೊಡನೆ ಒಳಹೊಕ್ಕ ಈ ಜೀವಿಯು ಕೆಂಪು ರಕ್ತಕಣಗಳಲ್ಲಿ ನೆಲೆಸಿ, ವೃದ್ಧಿಹೊಂದಿ, ಕಡೆಗೆ ಆಶ್ರಯವಿತ್ತ ಕಣವನ್ನೇ ಒಡೆದು ಹೊರಬೀಳುವುದು. ಅದಕ್ಕಿಂತಲೂ ಶೋಚನೀಯವೆಂದರೆ, ಕೆರಳಿದ ದೇಹರಕ್ಷಣಾಶಕ್ತಿಯು ಆರೋಗ್ಯವಾಗಿರುವ ಕಣಗಳನ್ನೂ ನಾಶಗೊಳಿಸತೊಡಗುವುದರಿಂದ, ನಿನ್ನೆಯವರೆಗೆ ಬಾಗಿಲಿಗೆ ಓಡಿಬರುತ್ತಿದ್ದ ಪ್ರಾಣಿಯು ಜ್ವರದಿಂದ ಬಳಲಿ, ಅನ್ನವನ್ನು ತೊರೆದು, ಒಸಡು ಬಿಳಿಚಿ, ಕೆಲವೊಮ್ಮೆ ಕಂದುಬಣ್ಣದ ಮೂತ್ರವನ್ನು ವಿಸರ್ಜಿಸುತ್ತ ಮೂಲೆ ಸೇರುವುದು.

ಬಹುಮಟ್ಟಿಗೆ ಇದೇ ಲಕ್ಷಣಗಳನ್ನು ತೋರಿಸುವ, ಆದರೆ ಬಿಳಿಯ ಕಣಗಳಲ್ಲಿ ವಾಸಿಸುವ ‘ಎರ್ಲಿಕಿಯ’ವಾದರೋ ಬ್ಯಾಕ್ಟೀರಿಯವಾದುದರಿಂದ ಡಾಕ್ಸಿಸೈಕ್ಲಿನ್‌ಗೆ ಮಣಿಯುತ್ತದೆ; ಗಿಬ್ಸೋನಿಗೆ ಚಿಕಿತ್ಸೆಯೇ ಬೇರೆ, ಮರುಕಳಿಸುವ ಭಯವೂ ಅಧಿಕ. ಆದ್ದರಿಂದ ರಕ್ತಪರೀಕ್ಷೆಯಿಲ್ಲದೆ, ನೆರೆಮನೆಯ ನಾಯಿಗೆ ಕೊಟ್ಟ ಗುಳಿಗೆಯನ್ನೇ ನಮ್ಮದಕ್ಕೂ ನುಂಗಿಸುವ ಪದ್ಧತಿಯು ಅತ್ಯಂತ ಅಪಾಯಕರವೆಂದು ಒತ್ತಿ ಹೇಳಬಯಸುತ್ತೇನೆ. ಉಣ್ಣೆಯನ್ನು ಬೆರಳಿನಿಂದ ಹಿಸುಕದೆ, ಚಿಮಟದಿಂದ ಚರ್ಮದ ಸಮೀಪದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಹೆಣ್ಣು ಉಣ್ಣೆಯು ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದರಿಂದ, ನಾಯಿಯ ಮೈಯನ್ನಷ್ಟೇ ಅಲ್ಲದೆ, ಅದು ಮಲಗುವ ಗೋಣಿಯನ್ನೂ ಸುತ್ತಲಿನ ಸಂದುಗೊಂದುಗಳನ್ನೂ ಶುದ್ಧಗೊಳಿಸತಕ್ಕದ್ದು.