ಮನೆಯ ನೆಲ: ಮೆರುಗಿಗಿಂತ ಆರೋಗ್ಯ ಮಿಗಿಲು

ಸ್ವಂತ ಮನೆ ಕಟ್ಟಿಸುವುದು ಪ್ರತಿಯೊಂದು ಕುಟುಂಬದ ಬಹುದಿನದ ಹಂಬಲ. ತಳಪಾಯ, ಗೋಡೆ, ಛಾವಣಿಗಳ ಬಗ್ಗೆ ಹತ್ತಾರು ಸಲ ವಿಚಾರಿಸುವ ನಾವು ನೆಲದ ಪ್ರಶ್ನೆ ಬಂದಾಗ ಮಾತ್ರ ಅಂಗಡಿಯ ಹೊಳಪಿಗೆ ಮನಸೋಲುವುದುಂಟು. ಆದರೆ ಮನೆಯ ಎಲ್ಲ ಭಾಗಗಳಲ್ಲಿ ನಮ್ಮ ಮೈಗೆ ಅತ್ಯಂತ ಸಮೀಪವಾದುದು ನೆಲವೇ. ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ನೆಲದ ಮೇಲೆ. ದಾಸೋಹದ ಪಂಕ್ತಿ ಸಾಗುವುದು ನೆಲದ ಮೇಲೆ. ಅಂಬೆಗಾಲಿಡುವ ಕೂಸು ದಿನವಿಡೀ ಆಡುವುದೂ ಅಲ್ಲಿಯೇ. ನೆಲ ಮುಟ್ಟಿದ ಕೈಯನ್ನೇ ಅದು ಬಾಯಿಗಿಡುತ್ತದೆ. ಆದುದರಿಂದ ನೆಲವನ್ನು ಆರಿಸುವಾಗ ಅದು ಹೇಗೆ ಕಾಣುತ್ತದೆ ಎಂಬುದಕ್ಕಿಂತ ಮೊದಲು ಅದರಲ್ಲಿ ಏನಿದೆ ಎಂದು ಕೇಳುವುದು ಅವಶ್ಯ.

ರಾಸಾಯನಿಕಗಳು ಎಲ್ಲಿಂದ ಬರುತ್ತವೆ?

ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆಗಳು ನಿಜವಾದ ಮರದ ಹಲಗೆಗಳಲ್ಲ. ಮರದ ನಾರನ್ನು ಅಂಟಿನೊಡನೆ ಒತ್ತಿ ಅವುಗಳನ್ನು ತಯಾರಿಸುತ್ತಾರೆ. ಈ ಅಂಟುಗಳಲ್ಲಿ ಹೆಚ್ಚಿನವು ಫಾರ್ಮಾಲ್ಡಿಹೈಡ್‌ನಿಂದ ಆದವು. ಈ ಅನಿಲವು ಹಲಗೆಯಿಂದ ನಿಧಾನವಾಗಿ ಹೊರಬರುತ್ತದೆ. ಸೆಖೆ ಮತ್ತು ತೇವ ಹೆಚ್ಚಿದಂತೆ ಅದರ ಪ್ರಮಾಣವೂ ಹೆಚ್ಚುತ್ತದೆ. ಕಣ್ಣುರಿ, ಗಂಟಲು ಕೆರೆತ ಇದರ ಸಾಮಾನ್ಯ ಲಕ್ಷಣಗಳು. ಉಬ್ಬಸವುಳ್ಳವರಿಗೆ ತೊಂದರೆ ಇನ್ನೂ ಅಧಿಕ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು.

ಸುರುಳಿಯಾಗಿ ದೊರೆಯುವ ವಿನೈಲ್ ಹಾಸು ಪಿ.ವಿ.ಸಿ.ಯಿಂದ ಆದದ್ದು. ಅದನ್ನು ಮೆದುವಾಗಿಸಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬೆರೆಸುವ ರೂಢಿಯಿದೆ. ಇವು ಕ್ರಮೇಣ ಹಾಸಿನಿಂದ ಹೊರಬಂದು ಮನೆಯ ಧೂಳನ್ನು ಸೇರುತ್ತವೆ. ಇವುಗಳಲ್ಲಿ ಕೆಲವನ್ನು ಮಕ್ಕಳ ಆಟಿಕೆಗಳಲ್ಲಿ ಬಳಸದಂತೆ ಅಮೆರಿಕವು 2008ರಲ್ಲಿ ಕಾನೂನನ್ನೇ ಮಾಡಿತು. ಆಟಿಕೆಗೆ ಬೇಡವಾದುದು ಕೂಸು ಆಡುವ ನೆಲಕ್ಕೆ ಏಕೆ ಬೇಕು?

ನಮ್ಮ ನೆಲದ ಕಲ್ಲು

ಕನ್ನಡನಾಡಿಗೆ ಈ ವಿಷಯದಲ್ಲಿ ಬಡತನವಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ ಕಲ್ಲು ತಲೆಮಾರುಗಳಿಂದ ಮನೆ, ಮಠ, ಶಾಲೆಗಳಿಗೆ ಫರಸಿಯಾಗಿ ಒದಗಿದೆ. ಇದು ಸುಣ್ಣದ ಕಲ್ಲು. ಯಾವ ಅನಿಲವನ್ನೂ ಹೊರಬಿಡುವ ಅಂಟು ಇದರಲ್ಲಿಲ್ಲ. ಬೇಸಿಗೆಯಲ್ಲಿ ಪಾದಕ್ಕೆ ತಂಪು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟ್ ಇನ್ನೂ ಗಟ್ಟಿಯಾದುದು. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ, ನಯವಾಗಿ ತಿಕ್ಕಿ ಮಾಡುವ ಕೆಂಪು ಗಾರೆಯ ನೆಲವೂ ಉತ್ತಮವೇ. ಹೆಚ್ಚಿನ ಉಷ್ಣದಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳೂ, ಸೆರಾಮಿಕ್ ಟೈಲ್ಸ್‌ಗಳೂ ರಾಸಾಯನಿಕದ ದೃಷ್ಟಿಯಿಂದ ನಿರಪಾಯಕಾರಿ.

ಇವುಗಳಿಗೂ ಕೊರತೆಗಳಿವೆ. ಫರಸಿ ಎಣ್ಣೆ, ಅರಿಸಿನಗಳ ಕಲೆಯನ್ನು ಹೀರಿಕೊಳ್ಳುತ್ತದೆ. ಕೆಂಪು ಗಾರೆಯನ್ನು ಹಲವು ದಿನ ನೀರುಣಿಸದಿದ್ದರೆ ಬಿರುಕು ಬಿಡುತ್ತದೆ. ಅದನ್ನು ಮಾಡಬಲ್ಲ ಅನುಭವೀ ಗೌಂಡಿಗಳೂ ಇಂದು ವಿರಳ. ನುಣುಪಾದ ಟೈಲ್ಸ್ ಒದ್ದೆಯಾದಾಗ ಜಾರುವುದರಿಂದ, ಹಿರಿಯರಿರುವ ಮನೆಯಲ್ಲಿ ಬಚ್ಚಲು ಮತ್ತು ಅಡುಗೆಮನೆಗೆ ಒರಟು ಮೈಯುಳ್ಳವನ್ನೇ ಆರಿಸಬೇಕು.

ಹಾಸುವಾಗ ಮತ್ತು ತೊಳೆಯುವಾಗ

ಒಳ್ಳೆಯ ಕಲ್ಲನ್ನು ತಂದರಷ್ಟೇ ಸಾಲದು. ಕಲ್ಲನ್ನು ರಾಸಾಯನಿಕ ಅಂಟಿನ ಬದಲು ಸಿಮೆಂಟು-ಮರಳಿನ ಗಾರೆಯಲ್ಲಿ ಕೂಡಿಸಬಹುದು. ಮೇಲೆ ಹಚ್ಚುವ ಘಾಟಿನ ವಾರ್ನಿಷ್ ಮತ್ತು ಸೀಲರ್‌ಗಳನ್ನು ಆದಷ್ಟು ಕಡಿಮೆ ಮಾಡಬೇಕು. ಲ್ಯಾಮಿನೇಟ್ ಹಾಕಲೇಬೇಕೆಂದಿದ್ದರೆ ಇ-1 ಅಥವಾ ಅದಕ್ಕಿಂತ ಕಡಿಮೆ ಅನಿಲ ಸೂಸುವ ಇ-0 ಗುರುತನ್ನು ನೋಡಿ ಕೊಳ್ಳಬೇಕು; ಹಾಸಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡಬೇಕು.

ಇಲ್ಲಿ ಇನ್ನೊಬ್ಬರ ಆರೋಗ್ಯದ ಮಾತೂ ಇದೆ. ಕಲ್ಲು, ಟೈಲ್ಸ್‌ಗಳನ್ನು ಒಣಗಿದ್ದಾಗಲೇ ಯಂತ್ರದಿಂದ ಕೊಯ್ದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ನೀರು ಹಾಯಿಸುತ್ತ ಕೊಯ್ದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಕಾಯಕವನ್ನು ಪೂಜ್ಯವೆಂದು ನಂಬಿದ ನಮಗೆ, ನಮ್ಮ ಮನೆಯಲ್ಲಿ ಕಾಯಕ ಮಾಡುವವನ ಉಸಿರು ಕೆಡದಂತೆ ನೋಡಿಕೊಳ್ಳುವುದು ಕರ್ತವ್ಯವೇ ಆಗಿದೆ.

ಇನ್ನು ಶುಚಿತ್ವ. ಕಲೆ ತೆಗೆಯಲೆಂದು ನೆಲಕ್ಕೆ ಆ್ಯಸಿಡ್ ಸುರಿಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಆ್ಯಸಿಡ್ ಸುಣ್ಣದ ಕಲ್ಲನ್ನು ತಿನ್ನುತ್ತದೆ; ನಿಂಬೆರಸ ಬಿದ್ದರೂ ಫರಸಿಯ ಮೆರುಗು ಮಾಸುತ್ತದೆ. ಆ್ಯಸಿಡ್ಡಿನೊಡನೆ ಬ್ಲೀಚಿಂಗ್ ಪೌಡರ್ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಇವೆರಡನ್ನು ಎಂದಿಗೂ ಬೆರೆಸಕೂಡದು. ನಿತ್ಯದ ಬಳಕೆಗೆ ಬರಿಯ ನೀರು, ವಾರಕ್ಕೊಮ್ಮೆ ಸೌಮ್ಯವಾದ ಸಾಬೂನಿನ ನೀರು ಸಾಕು.

ಅಂಗಡಿಗೆ ಹೋಗುವ ಮುನ್ನ ಮನೆಯವರೆಲ್ಲ ಕುಳಿತು ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಲಿ: ಇದು ಯಾವುದರಿಂದ ಆಗಿದೆ? ಇದನ್ನು ಯಾವುದರಿಂದ ಅಂಟಿಸುತ್ತಾರೆ? ಇದನ್ನು ಯಾವುದರಿಂದ ತೊಳೆಯಬೇಕು? ಈ ಮೂರಕ್ಕೂ ನೇರವಾದ ಉತ್ತರ ದೊರೆತ ನೆಲವನ್ನೇ ಆರಿಸಿದರೆ ಮನೆಯ ಮಕ್ಕಳೂ ಹಿರಿಯರೂ ನಿಶ್ಚಿಂತೆಯಿಂದ ಅದರ ಮೇಲೆ ಕುಳಿತು, ಆಡಿ, ಉಂಡು, ಮಲಗಬಹುದು.