ಚಕ್ಕುಬಂದಿ ಓದಿದ್ದೀರಾ?

ಕ್ರಯಪತ್ರದ ಮೊದಲ ಪುಟವನ್ನು ಎಲ್ಲರೂ ಓದುತ್ತಾರೆ. ಹೆಸರು, ತಂದೆಯ ಹೆಸರು, ಆಧಾರ್ ಸಂಖ್ಯೆ, ಹಣದ ಮೊತ್ತ ಎಲ್ಲವನ್ನೂ ಬೆರಳಿಟ್ಟು ನೋಡುತ್ತಾರೆ. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರು ಕೂಗಿರುತ್ತಾರೆ. ಆ ಪುಟದಲ್ಲೇ ಷೆಡ್ಯೂಲ್ ಇರುವುದು. ನೀವು ಕೊಂಡದ್ದು ಯಾವ ನೆಲ ಎಂಬುದನ್ನು ಹೇಳುವುದೂ ಅದೇ.

ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜ ಬರೆಸಿಕೊಂಡ ಕ್ರಯಪತ್ರವೊಂದಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ ಜಮೀನು ಮಾರಿದ್ದೇವೆ ಎಂದು ಪತ್ರಬರಹಗಾರರು ಗುಂಡಗೆ ಬರೆದಿದ್ದಾರೆ. ವಿಜಯನಗರ ಕಾಲದ ದಾನಶಾಸನಗಳಲ್ಲೂ ಕಾಣುವ ಮಾತು ಇದು. ಓದಲು ಗಂಭೀರವಾಗಿದೆ, ಆದರೆ ಇವತ್ತು ಹೊಲ ಅಗೆಯುವಾಗ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಕಲ್ಲು ತೆಗೆದು ಮಾರುವುದಾದರೆ ಗಣಿ ಇಲಾಖೆಯ ಅನುಮತಿ ಬೇಕು. ಅಷ್ಟಭೋಗದಲ್ಲಿ ಭೋಗಿಸಲು ಉಳಿದದ್ದು ಸ್ವಲ್ಪವೇ.

ಕೆಲವನ್ನು ಬರೆಸದಿದ್ದರೂ ಕಾನೂನು ಕೊಡುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಂ ನೋಡಿ. ಬೇರೆ ಉದ್ದೇಶ ಕಾಣದಿದ್ದರೆ, ಮನೆ ಮಾರಿದಾಗ ಅದರ ಬೀಗ, ಬೀಗದಕೈ, ಅಗುಳಿ, ಬಾಗಿಲು, ಕಿಟಕಿಗಳೂ ಕೊಂಡವರಿಗೆ ಸೇರುತ್ತವೆ. ಬೀಗದಕೈಯನ್ನೂ ಮರೆಯದ ಆ ಕರಡುಗಾರರ ಮೇಲೆ ನನಗೆ ಗೌರವ. ಅದೇ ಕಾಯ್ದೆಯ 3ನೇ ಕಲಮಿನಂತೆ ಕಡಿಯಲು ನಿಂತ ನಾಟಾ ಮರ, ಬೆಳೆದು ನಿಂತ ಪೈರು, ಹುಲ್ಲು ಸ್ಥಿರಾಸ್ತಿಯಲ್ಲ. ಹಣ್ಣು ಬಿಡಲೆಂದು ಉಳಿಸಿಕೊಂಡ ಮಾವಿನ ಮರ ಸ್ಥಿರಾಸ್ತಿ, ಮೋಪಿಗೆಂದು ಕಡಿಯಲು ಗುರುತು ಹಾಕಿದ ಮರ ಚರಾಸ್ತಿ. ಮರಗಳನ್ನು ಉಳಿಸಿಕೊಂಡು ಜಮೀನು ಮಾರುವವರು ಅದನ್ನು ಪತ್ರದಲ್ಲಿ ಬಿಡಿಸಿ ಬರೆಸುವುದು ಕ್ಷೇಮ.

ಎಲ್ಲೆಯನ್ನು ಮಾತ್ರ ಯಾವ ಕಾನೂನೂ ತಾನಾಗಿ ತುಂಬಿಕೊಡುವುದಿಲ್ಲ. ಗುರುತಿಸಲು ಸಾಲುವಷ್ಟು ವಿವರವಿಲ್ಲದ ಪತ್ರವನ್ನು ನೋಂದಣಿಗೆ ತೆಗೆದುಕೊಳ್ಳಬಾರದು ಎನ್ನುತ್ತದೆ 1908ರ ನೋಂದಣಿ ಕಾಯ್ದೆಯ 21ನೇ ಕಲಂ. ಆ ವಿವರವೇ ನಮ್ಮ ಚಕ್ಕುಬಂದಿ. ಅಜ್ಜನ ಪತ್ರದಲ್ಲಿ ಪೂರ್ವಕ್ಕೆ ಗಾಡಿದಾರಿ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಮಾರಿದವರ ಉಳಿಕೆ ಜಮೀನು ಎಂದಿದೆ. ಹುಣಸೆಮರ ಈಗಿಲ್ಲ. ಹಳ್ಳ ಮಳೆಗೊಮ್ಮೆ ಮಗ್ಗುಲು ಬದಲಿಸಿದೆ. ಉಳಿಕೆ ಜಮೀನು ಮೂರು ಕೈ ದಾಟಿ ಸೈಟುಗಳಾಗಿದೆ. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ಹಿಡಿಯುತ್ತವೆ. ಬಿದ್ದುಹೋದ ಮರವೊಂದು ಎಷ್ಟು ದುಬಾರಿ ಎಂಬುದು ಸರ್ವೆಯವರು ಸರಪಳಿ ಎಳೆದ ದಿನ ನಮಗೆ ತಿಳಿಯಿತು.

ಅಳತೆಯ ಮಾತಿನಲ್ಲೂ ಮೋಸಹೋಗುವುದುಂಟು. ಬಯಲುಸೀಮೆಯಲ್ಲಿ ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಕರಾವಳಿಯಲ್ಲಿ ಎಕರೆಗೆ 100 ಸೆಂಟ್ಸ್. ಮಂಗಳೂರಿನವರ 10 ಸೆಂಟ್ಸ್ ತುಮಕೂರಿನವರಿಗೆ 4 ಗುಂಟೆ. ಖರಾಬಿನದು ಇನ್ನೊಂದು ಕಥೆ. ‘ಅ’ ಖರಾಬು ಸಾಗುವಳಿಗೆ ಬಾರದ ನೆಲ, ಆದರೂ ಹಿಡುವಳಿದಾರರದ್ದೇ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯದು. ಖರಾಬು ಸೇರಿಸಿ ಮೊತ್ತ ಹೇಳುವವರು ಯಾವ ಖರಾಬು ಎಂದು ತಾವಾಗಿ ಹೇಳುವುದಿಲ್ಲ. ಪಹಣಿ ತೆಗೆಸಿ ನಾವೇ ನೋಡಬೇಕು.

ನಗರದಲ್ಲಿ ಇದೇ ಆಟ ಸೂಪರ್ ಬಿಲ್ಟ್‌ಅಪ್ ಎಂಬ ಹೆಸರಿನಲ್ಲಿ ನಡೆಯುತ್ತದೆ. ಮೆಟ್ಟಿಲು, ಲಿಫ್ಟು, ಪಡಸಾಲೆಯ ಪಾಲೂ ಅದರೊಳಗೆ ಬರುತ್ತದೆ. 2016ರ ರೇರಾ ಕಾಯ್ದೆ ಅರ್ಥ ನಿಗದಿ ಮಾಡಿರುವುದು ಕಾರ್ಪೆಟ್ ಏರಿಯಾಕ್ಕೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ, ಪೈಪು ಹಾಯುವ ಶಾಫ್ಟು ಬಿಟ್ಟು ಮನೆಯೊಳಗೆ ಬಳಕೆಗೆ ಸಿಗುವ ನೆಲವೇ ಅದು. ಒಳಗಿನ ಅಡ್ಡಗೋಡೆಗಳು ಲೆಕ್ಕಕ್ಕೆ ಸೇರುತ್ತವೆ. ಕರಾರಿನಲ್ಲಿ ಮೊದಲು ಹುಡುಕಬೇಕಾದ ಅಂಕಿ ಇದು.

ಅಡ್ವಾನ್ಸ್ ಕೊಡುವ ಮುನ್ನ ಷೆಡ್ಯೂಲ್ ಪುಟವನ್ನೂ ಸರ್ವೆ ನಕ್ಷೆಯನ್ನೂ ಹಿಡಿದು ಜಾಗಕ್ಕೆ ಹೋಗಿ. ಪೂರ್ವಕ್ಕೆ ಮುಖಮಾಡಿ ನಿಂತು ನಾಲ್ಕೂ ದಿಕ್ಕನ್ನು ಗಟ್ಟಿಯಾಗಿ ಓದಿ. ಪಕ್ಕದ ಜಮೀನಿನವರು ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು.